ಧಣಿಗಳ ಚರ್ಚಿನ ಕರ್ಚೀಫು

ನಾನು ಹಲ್ಲಿನ ಡಾಕ್ಟರು. ಈ ಊರಿನ ಮುಕ್ಕಾಲು ಪಾಲು ಜನರ ಬಾಯೊಳಗೆ ಕೈ ಹಾಕಿದವಳು. ಹಾಗಾಗಿ ನನಗೆ ಸುಲಭಕ್ಕೆ ಹೇಸಿಗೆ ಆಗುವುದಿಲ್ಲ. ಕೀವು, ರಕ್ತ, ಹಲ್ಲಿನ ಸಂದಿಯಲ್ಲಿ ಕೊಳೆತ ಮಾಂಸದ ಚೂರು ಎಲ್ಲವನ್ನೂ ನೋಡಿ, ಮೂಸಿ, ಕೈ ತೊಳೆದುಕೊಂಡು ಹೋಗಿ ಹೊಟ್ಟೆ ತುಂಬ ಊಟ ಮಾಡಿದ್ದೇನೆ. ಅಂಥ ನನಗೆ ವಾಕರಿಕೆ ಬಂದದ್ದು ನಮ್ಮ ಚರ್ಚಿನ ಸಮಿತಿಯ ಸಭೆಯಲ್ಲಿ. ಅಲ್ಲಿ ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು, ಸೆಂಟು ಪೂಸಿಕೊಂಡು ಕೂತಿದ್ದರು.

ಮೊದಲು ನನ್ನ ಕೆಲಸದ ಒಂದು ಸಂಗತಿ ಹೇಳಿಬಿಡುತ್ತೇನೆ. ನನ್ನ ಕುರ್ಚಿಯಲ್ಲಿ ಮಲಗಿದವರೆಲ್ಲ ಒಂದೇ ಜಾತಿ. "ಬಾಯಿ ತೆಗೀರಿ" ಅಂದ ತಕ್ಷಣ ಅವರ ಕೈ ತಾನಾಗಿ ಮೇಲೆ ಬಂದು ಬಾಯಿ ಮುಚ್ಚುತ್ತದೆ. ಹೊಸದರಲ್ಲಿ ಅಣ್ಣಾ, ಅಕ್ಕಾ ಅಂತ ಪುಸಲಾಯಿಸುತ್ತಿದ್ದೆ. ಸಾಕಾಗಿ ಬಿಟ್ಟೆ. ಈಗ ಎರಡೇ ಮಾತು: "ಕೈ ಕೆಳಗೆ." ಕೂಗುವುದಿಲ್ಲ, ಗದರುವುದೂ ಇಲ್ಲ, ಎರಡನೇ ಸಲ ಹೇಳುವವಳಲ್ಲ ಅನ್ನುವ ಹಾಗೆ ಹೇಳುತ್ತೇನೆ. ಪೊಲೀಸಿನವನ ಕೈಯೂ ಇಳಿಯುತ್ತದೆ. ನನ್ನ ಅತ್ತೆ ಇದನ್ನು ಆಡಿಕೊಂಡು ನಗುತ್ತಿದ್ದರು. "ನಿನ್ನ ಬಾಯಿಗೆ ಹೆದರಿ ಜನ ಬಾಯಿ ತೆಗೀತಾರೆ ಕಣೇ, ಹಲ್ಲುನೋವಿಗಲ್ಲ" ಅನ್ನುತ್ತಿದ್ದರು.

ಇದು ಆ ಅತ್ತೆಯ ವಿಷಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಊರಿನ ಅರ್ಧ ಗುಟ್ಟು ಕಿವಿಯಲ್ಲಿಟ್ಟುಕೊಂಡು ಒಂದನ್ನೂ ಹೊರಗೆ ಬಿಡದ ಹೆಂಗಸು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ. ಆಮೇಲೆ ಯಾವಾಗ ಹೊಂದಿಕೊಂಡೆವೋ ನನಗೇ ನೆನಪಿಲ್ಲ. ಕೊನೆಕೊನೆಗೆ ಅವರಿಗೂ ನನಗೂ ಜಗಳವಾಡಲು ನನ್ನ ಗಂಡ ಒಬ್ಬನೇ ಉಳಿದಿದ್ದ.

ನಮ್ಮದು ಧಣಿಗಳ ಚರ್ಚು. ದೊಡ್ಡ ಬಾಗಿಲ ಮೇಲಿನ ಕಲ್ಲಿನಲ್ಲಿ ಧಣಿಯ ಪೂರ್ತಿ ಹೆಸರು ಅಂಗೈಯಗಲದ ಅಕ್ಷರಗಳಲ್ಲಿತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಸಾಕಷ್ಟು ಮರ್ಯಾದೆ ಆಗಿದೆ. ಆತ ಬೆಂಕಿಕಡ್ಡಿ ಕಾರ್ಖಾನೆ ನಡೆಸಿದವ. ಕಾರ್ಖಾನೆ ಇದ್ದ ಕಡೆ ಈಗ ಸೋಫಾ ಮಾರುವ ಅಂಗಡಿ ಇದೆ, ಚರ್ಚು ಮಾತ್ರ ಹಾಗೇ ಉಳಿದಿದೆ.

ಅಲ್ಲಿ ಒಂದು ಪದ್ಧತಿ ಇದೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಅಂತ ನಮ್ಮವರು ಎದೆ ಉಬ್ಬಿಸುತ್ತಾರೆ. ಮೊದಲ ಹಾಡು ಮುಗಿದ ಮೇಲೆ ಫಾದರ್ "ಈ ಆಲಯವನ್ನು ಕಟ್ಟಿಸಿದ" ಅಂತ ಶುರುಮಾಡಿ ಧಣಿಯ ಹೆಸರು ಹೇಳುತ್ತಾರೆ. ಆ ಕ್ಷಣಕ್ಕೆ ಎಲ್ಲರೂ ಬಿಳಿ ಕರ್ಚೀಫು ತೆಗೆದು ಮೂಗು ಬಾಯಿ ಮುಚ್ಚಿ ತಲೆ ಬಾಗಿಸಬೇಕು. ಮದುವೆಯಲ್ಲೂ ಅಷ್ಟೆ. ಸಾವಿನಲ್ಲಿ, ಪೆಟ್ಟಿಗೆಯನ್ನು ಬಾಗಿಲಿನಿಂದ ಒಳಗೆ ತರುವಾಗ ಹೆಸರು ಹೇಳುತ್ತಾರೆ, ಪೆಟ್ಟಿಗೆ ಮುಂದೆ ಹೋಗುವವರೆಗೂ ಕರ್ಚೀಫು ಇಳಿಯಬಾರದು. ಯಾಕೆ ಅಂತ ಕೇಳಿದ ಮಕ್ಕಳಿಗೆ, "ಅಂಥ ಪುಣ್ಯಾತ್ಮರ ಹೆಸರಿಗೆ ನಮ್ಮ ಎಂಜಲು ಉಸಿರು ತಾಗಬಾರದು" ಅಂತ ಕಲಿಸುತ್ತಾರೆ. ಹೊರಗಿನಿಂದ ಬಂದವರು ಇದನ್ನು ನೋಡಿ ಕಣ್ಣು ತುಂಬಿಕೊಂಡು ಫೋಟೋ ತೆಗೆಯುತ್ತಾರೆ. ಬೇಕರಿ ಅಕ್ಕ ಅದಕ್ಕೆಂದೇ ಕಸೂತಿ ಹಾಕಿದ ಕರ್ಚೀಫು ಮಾಡಿ ಬನ್ನಿನ ಪಕ್ಕ ಇಟ್ಟು ಮಾರುತ್ತಾಳೆ.

ಅತ್ತೆ ಒಂದು ದಿನವೂ ಮೂಗು ಮುಚ್ಚಿದವರಲ್ಲ. ಹಿಂದಿನ ಸಾಲಿನ ತುದಿಯಲ್ಲಿ, ಪೊರಕೆ ಬಕೆಟ್ಟು ಇಡುವ ಗಿಡ್ಡ ಬಾಗಿಲ ಪಕ್ಕ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂರುತ್ತಿದ್ದರು. ಜನ ಅವರಿಗೆ ಜಂಭ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹೋದ ವರ್ಷ ಒಂದು ಪತ್ರಿಕೆಯವರು ಆ ಕಾರ್ಖಾನೆಯ ಬಗ್ಗೆ ಬರೆದರು. ಅನಾಥ ಹುಡುಗಿಯರನ್ನು ತಂದು ಬಿಳಿ ರಂಜಕದಲ್ಲಿ ಕಡ್ಡಿ ಅದ್ದಿಸುತ್ತಿದ್ದರು, ಅದರ ಹೊಗೆಗೆ ಅವರ ದವಡೆಯ ಮೂಳೆ ಕೊಳೆಯುತ್ತಿತ್ತು, ಧಣಿ ಎಲ್ಲ ಗೊತ್ತಿದ್ದೂ ನಿಲ್ಲಿಸಲಿಲ್ಲ ಅಂತ. ಊರೆಲ್ಲ ಗುಸುಗುಸು. ಚರ್ಚಿನ ಹೆಸರು ಬದಲಿಸಬೇಕು, ಬದಲಿಸಬಾರದು ಅಂತ ಮಾತು ಎದ್ದಿತು. ಆ ವಾರ ನಾನು ಅತ್ತೆಯ ತಲೆ ಬಾಚುತ್ತಿದ್ದಾಗ ಅವರು ತಾವಾಗಿ ಶುರುಮಾಡಿದರು.

"ಅಮ್ಮಂಗೆ ಕೆಳದವಡೆ ಇರ್ಲಿಲ್ಲ ಕಣೇ."

ನನ್ನ ಕೈ ನಿಂತಿತು. ಅತ್ತೆಯ ತಾಯಿ ಆ ಕಾರ್ಖಾನೆಯಲ್ಲಿ ಇದ್ದರೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ.

"ಅರ್ಧ ಮುಖ ಅವಳದು. ಗಂಜಿ ಬಿಟ್ರೆ ಬೇರೇನೂ ತಿಂದೋಳಲ್ಲ. ನನಗೆ ಬುದ್ಧಿ ಬರೋ ಹೊತ್ತಿಗೆ ಗಾಯ ಒಣಗಿತ್ತು, ವಾಸನೆ ಇರ್ಲಿಲ್ಲ. ಆದ್ರೂ ನನ್ನ ಹತ್ರ ಮಾತಾಡುವಾಗ ಆ ಕಡೆ ತಿರುಗಿಕೊಳ್ಳೋಳು."

"ಇದೆಲ್ಲ ಮೊದಲೇ ಹೇಳ್ಬಾರದಿತ್ತಾ ಅತ್ತೆ?"

"ಯಾರು ಕೇಳಿದ್ರು? ಬಾಚು ನೀನು." ನಾನು ಮತ್ತೆ ಬಾಚತೊಡಗಿದ ಮೇಲೆ ಹೇಳಿದರು. "ಭಾನುವಾರ ಆ ಹುಡುಗಿಯರನ್ನ ಸಾಲಾಗಿ ಚರ್ಚಿಗೆ ಕರ್ಕೊಂಡು ಬರೋರು. ದೊಡ್ಡ ಬಾಗಿಲಿಂದ ಅಲ್ಲ, ನಾನು ಕೂರ್ತೀನಲ್ಲ, ಆ ಗಿಡ್ಡ ಬಾಗಿಲಿಂದ. ಮೊದಲನೇ ಹಾಡು ಮುಗಿದ ಮೇಲೆ. ಬಾಗಿಲು ತೆಗೆದ ಕೂಡ್ಲೇ ಕೊಳೆತ ವಾಸನೆ ಒಳಗೆ ಬರೋದು. ಮುಂದೆ ಕೂತಿರೋ ದೊಡ್ಡ ಮನುಷ್ಯರೆಲ್ಲ ಕರ್ಚೀಫ್ ತೆಗೆದು ಮೂಗು ಮುಚ್ಚೋರು. ಆಗಲೇ ಪಾದ್ರಿ ಧಣಿ ಹೆಸರು ಹೇಳೋದು, ಯಾರ ಅನ್ನ ತಿಂತಿದೀವಿ ಅಂತ ಹುಡುಗಿಯರಿಗೆ ಗೊತ್ತಾಗ್ಲಿ ಅಂತ. ಅಷ್ಟೇ ನೋಡು ನಿಮ್ಮ ಭಕ್ತಿ."

ನಾನು ಬಾಚಣಿಗೆ ಕೆಳಗಿಟ್ಟೆ. ಇಷ್ಟು ವರ್ಷ ನಾನೂ ತಲೆ ಬಾಗಿಸಿ ಮೂಗು ಮುಚ್ಚಿದ ಚರ್ಚು ಅದು.

"ದವಡೆ ನೋವು ತಡ್ಕೋಬಹುದು, ಅದನ್ನ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ಅನ್ನೋಳು ಅಮ್ಮ. ಒಳಗೆ ಕಾಲಿಟ್ರೆ ಎಲ್ಲ ತಿರುಗಿ ನೋಡೋರಂತೆ. ನೋಡಿದ್ರೆ ಬರೀ ಕಣ್ಣು. ಒಂದು ಮುಖ ಕಾಣ್ತಿರ್ಲಿಲ್ಲವಂತೆ." ಅತ್ತೆ ತಿರುಗಿ ನನ್ನ ಮಣಿಕಟ್ಟು ಹಿಡಿದರು. "ನಂಗೂ ದಿನ ಹತ್ರ ಬಂತು. ನಿಮ್ಮ ಮಾವನ ಪಕ್ಕ, ಅಮ್ಮನ ಪಕ್ಕ ಮಲಗ್ಬೇಕು ನಾನು, ಬೇರೆ ಎಲ್ಲೂ ಬೇಡ. ಆದ್ರೆ ನನ್ನ ಹೆಣದ ಮುಂದೆ ಯಾರೂ ಮೂಗು ಮುಚ್ಚಬಾರದು. ನನ್ನ ಮಗ ಬಾಯಿಲ್ಲದೋನು, ಅವನ ಕೈಲಿ ಆಗಲ್ಲ. ಇದು ನಿನ್ನ ಮೇಲೆ."

ನಾನು ಹೂಂ ಅಂದೆ. ಅದೇನು ಮಹಾ, ನಿಜ ಗೊತ್ತಾದ ಮೇಲೆ ಯಾರು ತಾನೆ ಮೂಗು ಮುಚ್ಚಿಯಾರು ಅಂತ ನನ್ನ ಭಂಡ ಧೈರ್ಯ.

ಸಮಿತಿಯಲ್ಲಿ ನಾನೂ ಇದ್ದೆ, ಹೆಂಗಸರ ಕೋಟಾದಲ್ಲಿ. ಉಳಿದವರು ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು, ವಕೀಲರು, ಬೇಕರಿ ಅಕ್ಕ, ಮತ್ತು ಫಾದರ್. ನಾಲ್ವರ ಬಾಯಿಯೂ ನನಗೆ ಕಂಠಪಾಠ. ಹೆಡ್‌ಮಾಸ್ಟರದ್ದು ನಾನೇ ಕಟ್ಟಿಕೊಟ್ಟ ಪೂರ್ತಿ ಸೆಟ್ಟು, ಮಾತಿನ ಮಧ್ಯೆ ಜಾರಿದರೆ ನಾಲಿಗೆಯಿಂದ ಒತ್ತಿ ಕೂರಿಸಿಕೊಳ್ಳುತ್ತಾರೆ. ವಕೀಲರ ಹಲ್ಲಿನ ಹಿಂದೆ ತಂಬಾಕಿನ ಪಾಚಿ. ಬೇಕರಿ ಅಕ್ಕನಿಗೆ ದವಡೆ ಹಲ್ಲೆಲ್ಲ ಹುಳುಕು, ಸಿಹಿ ಮಾತ್ರ ಬಿಡಲಾರಳು. ಫಾದರ್ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಎಚ್ಚರದಲ್ಲಿ ಯಾರ ಮೇಲೂ ಹಲ್ಲು ಕಡಿದವರಲ್ಲ.

ಚರ್ಚಿನ ಪಕ್ಕದ ಕೋಣೆಯಲ್ಲಿ ಸಭೆ. ಉದ್ದನೆಯ ಮೇಜು, ಪ್ಲಾಸ್ಟಿಕ್ ಹೊದಿಕೆ, ಗೋಡೆಯ ಮೇಲೆ ಧಣಿಯ ದೊಡ್ಡ ಪಟ. ಅಕ್ಕ ಕ್ರೀಮ್ ಬನ್ನಿನ ತಟ್ಟೆ ಇಟ್ಟಿದ್ದಳು. ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು.

"ನೋಡಿ, ಆ ಕಾಲದ ಅಳತೆಗೋಲೇ ಬೇರೆ. ಇವತ್ತಿನ ಕಣ್ಣಲ್ಲಿ ನೋಡಿದ್ರೆ ನಮ್ಮ ತಾತಂದಿರೆಲ್ಲ ತಪ್ಪಿತಸ್ಥರೇ."

"ನಮ್ಮ ತಾತಂದಿರ ಹೆಸರನ್ನ ಯಾರೂ ಬಾಗಿಲ ಮೇಲೆ ಕೆತ್ತಿಲ್ಲ, ಮೇಷ್ಟ್ರೇ" ಅಂದೆ.

ವಕೀಲರು ಪೆನ್ನು ತಿರುಗಿಸುತ್ತಾ ಕೇಳಿದರು. "ರಂಜಕದಿಂದ ಅಪಾಯ ಅಂತ ಧಣಿಗಳಿಗೆ ಗೊತ್ತಿತ್ತು ಅನ್ನೋದಕ್ಕೆ ಆಧಾರ ಏನು, ಡಾಕ್ಟ್ರೇ?"

"ಗೊತ್ತಿಲ್ಲದಿದ್ರೆ ಆ ಹುಡುಗಿಯರಿಗೆ ಅಂತ ಬೇರೆ ಬಾಗಿಲು ಯಾಕೆ ಇಡಿಸಿದ್ರು?"

"ಆದ್ರೂ ಕೆಲಸ ಅಂತ ಕೊಟ್ಟಿದ್ದು ಅವರೇ ಅಲ್ವಾ?" ಬೇಕರಿ ಅಕ್ಕ ಬನ್ನು ಕಚ್ಚಿದಳು. ಕ್ರೀಮು ಮೇಲ್ತುಟಿಗೆ ಮೆತ್ತಿಕೊಂಡಿತು. "ಇಲ್ಲದಿದ್ರೆ ಆ ಹುಡುಗಿಯರು ಬೀದಿಪಾಲಾಗ್ತಿದ್ರು. ಪಾಪ, ಅವರಿಗೂ ಒಂದು ದಾರಿ ಆಯ್ತು."

ನನಗೆ ಮೈಯೆಲ್ಲ ಉರಿಯಿತು. ದಾರಿಯಂತೆ! ಯಾವ ದಾರಿ ಅಂತ ಹೇಳಿದೆ. ವೈದ್ಯಕೀಯ ಭಾಷೆಯಲ್ಲಲ್ಲ, ಅಕ್ಕನಿಗೆ ತಿಳಿಯುವ ಹಾಗೆ. ಮೊದಲು ಹಲ್ಲುನೋವು. ಕಿತ್ತರೆ ಕುಳಿ ಮಾಯುವುದಿಲ್ಲ. ಅಲ್ಲಿಂದ ಕೀವು. ಕೀವು ಕೆನ್ನೆ ಕೊರೆದು ಹೊರಗೆ ದಾರಿ ಮಾಡಿಕೊಳ್ಳುತ್ತದೆ. ಒಳಗಿನ ಮೂಳೆ ಸತ್ತು, ಒಂದು ದಿನ ಊಟ ಮಾಡುವಾಗ ಚೂರು ಚೂರಾಗಿ ತುತ್ತಿನ ಜೊತೆ ಬಾಯಿಗೆ ಬರುತ್ತದೆ. ಆ ವಾಸನೆಗೆ ಹೆತ್ತ ತಾಯಿಯೂ ಪಕ್ಕದಲ್ಲಿ ಮಲಗಲಾರಳು. ಅಂಥ ಹುಡುಗಿಯರು ಒಳಗೆ ಬಂದಾಗ ದೊಡ್ಡವರು ಮೂಗು ಮುಚ್ಚಿದ್ದನ್ನೇ ನಾವು ಇವತ್ತಿಗೂ ಮಾಡುತ್ತಿದ್ದೇವೆ ಅಂದೆ. ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

ಹೆಡ್‌ಮಾಸ್ಟರು ತಟ್ಟೆ ಆಚೆ ತಳ್ಳಿದರು. "ತಿನ್ನೋ ಹೊತ್ತಲ್ಲಿ ಇದೆಲ್ಲ ಬೇಕಾ ಡಾಕ್ಟ್ರೇ? ಛೀ." ಬೇಕರಿ ಅಕ್ಕ ಸೊಂಟದಿಂದ ಕಸೂತಿ ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡಳು. ಅವರಿಗೆ ಹೇಸಿಗೆ ಹುಟ್ಟಿದ್ದು ಗೋಡೆಯ ಮೇಲಿದ್ದವನ ಬಗ್ಗೆ ಅಲ್ಲ, ನನ್ನ ಬಗ್ಗೆ.

"ನಿಮ್ಮ ಅತ್ತೆಯವರಿಗೆ ವಯಸ್ಸಾಗಿದೆ" ಅಂದರು ವಕೀಲರು, ಮೆತ್ತಗೆ. "ಅವರ ತಾಯಿ ಹೇಳಿದ್ದು, ಅದನ್ನ ಇವರು ಹೇಳಿದ್ದು. ಇದನ್ನ ಸಾಕ್ಷಿ ಅಂತ ಹೇಗೆ ತಗೊಳ್ಳೋದು?"

ಫಾದರ್ ಎರಡೂ ಕಡೆ ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. "ಪ್ರಾರ್ಥನೆ ಮಾಡಿ ಯೋಚಿಸೋಣ" ಅಂದರು. ಎಲ್ಲರೂ ಎದ್ದರು. ಉಳಿದ ಬನ್ನನ್ನು ಅಕ್ಕ ಪೊಟ್ಟಣ ಕಟ್ಟಿದಳು.

ಮುಂದಿನ ತಿಂಗಳು ಸಭೆಗೆ ಹೋದರೆ ಗಾಳಿಯೇ ತಿರುಗಿತ್ತು. ಧಣಿಯ ಪಟ ಇದ್ದ ಕಡೆ ಮೊಳೆ ಮಾತ್ರ ಇತ್ತು. ನಡೆದದ್ದು ಇಷ್ಟೆ: ಬೇರೆ ಊರಿನ ಒಂದು ಚರ್ಚು ಇಂಥದ್ದೇ ಒಬ್ಬ ಮಹಾನುಭಾವನ ಹೆಸರು ಕಿತ್ತು ಹಾಕಿ, ಟೀವಿಯಲ್ಲೆಲ್ಲ ಹೊಗಳಿಸಿಕೊಂಡಿತ್ತು.

"ಅನ್ಯಾಯ ಅನ್ನೋದು ಅನ್ಯಾಯವೇ, ಯಾವ ಕಾಲವಾದ್ರೇನು" ಅಂದರು ಹೆಡ್‌ಮಾಸ್ಟರು. ಅದೇ ಬಾಯಿ, ನಾನು ಕಟ್ಟಿದ ಅದೇ ಹಲ್ಲು. ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಹೊಸ ಹೆಸರಿಗೆ ಚರ್ಚೆ ಎದ್ದಿತು. ಕಡ್ಡಿ ಹುಡುಗಿಯರ ಚರ್ಚು ಅಂತಿಡಿ ಅಂದೆ. ಅಕ್ಕ ಮುಖ ಹಿಂಡಿದಳು. ಮದುವೆ ಕಾರ್ಡಿನಲ್ಲಿ ಅದು ಚೆನ್ನಾಗಿ ಕಾಣಲ್ಲವಂತೆ. ಕಡ್ಡಿ ಅಂದರೆ ಹಗುರ ಅಂದರು ವಕೀಲರು. ಕೊನೆಗೆ ಹೆಡ್‌ಮಾಸ್ಟರು ಕಣ್ಣು ಮುಚ್ಚಿ, ಕೈಯೆತ್ತಿ, "ಪವಿತ್ರ ಜ್ವಾಲೆ" ಅಂದರು. ಅಬ್ಬಾ, ಏನು ಮೆಚ್ಚುಗೆ! ಹುಡುಗಿಯರೂ ಇಲ್ಲ, ದವಡೆಯೂ ಇಲ್ಲ, ಬೆಂಕಿ ಒಂದು ಉಳಿಯಿತು, ಅದೂ ಪವಿತ್ರವಾಗಿ.

"ಹೆಸರು ಏನಾದ್ರೂ ಇಟ್ಕೊಳ್ಳಿ" ಅಂದೆ. "ಕರ್ಚೀಫು?"

"ಅದು ಹೇಗೆ ಬಿಡೋಕಾಗುತ್ತೆ?" ಅಕ್ಕ ಗಾಬರಿಯಾದಳು. "ಅದೇ ಅಲ್ವಾ ನಮ್ಮ ಗುರುತು?"

ವಕೀಲರ ಬಳಿ ಇದಕ್ಕೂ ಮದ್ದಿತ್ತು. "ಇಷ್ಟು ದಿನ ಧಣಿಗಳಿಗೆ ಗೌರವ ಅಂತ ಮಾಡ್ತಿದ್ವಿ. ಇನ್ನು ಮುಂದೆ ಆ ಹೆಣ್ಣುಮಕ್ಕಳಿಗೆ ಗೌರವ ಅಂತ ಮಾಡೋಣ. ನಿಮ್ಮ ಅತ್ತೆಯವರಿಗೂ ಖುಷಿ ಆಗುತ್ತೆ."

ನನಗೆ ನಿಜವಾಗಿಯೂ ಹುಳಿ ತೇಗು ಬಂತು. ಎದ್ದು ನಿಂತೆ. "ಯಾರನ್ನ ನೋಡಿ ಮೂಗು ಮುಚ್ಚಿದ್ರೋ ಅವರ ಗೌರವಕ್ಕೆ ಮೂಗು ಮುಚ್ತೀರಾ? ಥೂ ನಿಮ್ಮ! ಮೊದಲು ಆ ಕರ್ಚೀಫು ನಿಲ್ಲಿಸಿ, ಬೇಕಾದ್ರೆ ಆ ಹಾಳು ಹೆಸರು ನಿಮ್ಮ ಬಾಗಿಲ ಮೇಲೇ ಇರ್ಲಿ!"

 ನಾನು ದೇವರನ್ನೇ ಬೈದೆನೋ ಅನ್ನುವ ಹಾಗೆ ಎಲ್ಲರೂ ನೋಡಿದರು. ಫಾದರ್ ನನಗೊಂದು ಲೋಟ ನೀರು ಕೊಟ್ಟು, "ಕೂತ್ಕೊಳ್ಳಮ್ಮ, ಅರ್ಧ ಗೆದ್ದಿದ್ದೀರಲ್ಲ" ಅಂದರು.

ಭಾನುವಾರ ಚರ್ಚಿಗೆ ಬಂದವರೆಲ್ಲರ ಕೈಯೆತ್ತಿಸಿ ಹೊಸ ಹೆಸರಿಗೆ ಮತ ಕೇಳುವುದೆಂದಾಯಿತು. ಅತ್ತೆ ಬಂದೇ ಬರುತ್ತೇನೆಂದು ಹಟ ಹಿಡಿದರು. ನನ್ನ ಗಂಡ ಲಿಫ್ಟು ರಿಪೇರಿ ಮಾಡುವವನು, ಜಗತ್ತನ್ನೆಲ್ಲ ಮೇಲೆ ಕೆಳಗೆ ಮಾಡುತ್ತಾನೆ, ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಲು ಮಾತ್ರ ಒದ್ದಾಡಿದ. ಹಿಂದಿನ ಸಾಲಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಹೆಡ್‌ಮಾಸ್ಟರು ಓಡಿ ಬಂದರು. "ಇವತ್ತು ಹಿಂದೆ ಯಾಕಮ್ಮಾ? ನೀವು ಮುಂದೆ ಬರ್ಬೇಕು" ಅಂತ ತಾವೇ ಕುರ್ಚಿ ತಳ್ಳಿಕೊಂಡು ಹೋಗಿ, ಜನರ ಎದುರಿಗೆ ಮುಖ ಮಾಡಿಸಿ ನಿಲ್ಲಿಸಿದರು.

ಪವಿತ್ರ ಜ್ವಾಲೆ ಗೆದ್ದಿತು. ಚಪ್ಪಾಳೆಯೋ ಚಪ್ಪಾಳೆ. ಹೆಡ್‌ಮಾಸ್ಟರು ಗದ್ಗದ ಸ್ವರದಲ್ಲಿ, "ಆ ಹೆಣ್ಣುಮಕ್ಕಳಲ್ಲಿ ಒಬ್ಬರ ಮಗಳು ನಮ್ಮ ನಡುವೆ ಇದ್ದಾರೆ, ಅವರಿಗೆ ನಮ್ಮ ಗೌರವ" ಅಂದರು. ಅಷ್ಟೂ ಜನ ಎದ್ದು, ಅತ್ತೆಯನ್ನೇ ನೋಡುತ್ತ, ಕರ್ಚೀಫು ತೆಗೆದು ಮೂಗು ಮುಚ್ಚಿದರು.

ಎಷ್ಟೋ ಜನರ ಕಣ್ಣಲ್ಲಿ ನೀರಿತ್ತು. ಪ್ರೀತಿಯಿಂದಲೇ ಮಾಡಿದರು, ಅದು ನನಗೆ ಗೊತ್ತು. ಅದಕ್ಕೇ ಇನ್ನಷ್ಟು ಅಸಹ್ಯವಾಯಿತು.

ಅತ್ತೆ ಕುರ್ಚಿಯ ಎರಡೂ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಓಡಿ ಹೋಗಿ ಬಗ್ಗಿದೆ.

"ಅಮ್ಮ ನೋಡಿದ್ದು ಇದನ್ನೇ ಕಣೇ" ಅಂದರು. "ನಾನು ನೋಡಿರ್ಲಿಲ್ಲ. ಹಿಂದೆ ಕೂರ್ತಿದ್ನಲ್ಲ, ಬೆನ್ನು ಮಾತ್ರ ಕಾಣ್ತಿತ್ತು. ಇವತ್ತು ನೋಡ್ದೆ."

 ಮನೆಗೆ ಬಂದು ಹಾಸಿಗೆಯಲ್ಲಿ ಮಲಗಿಸಿದ ಮೇಲೆ ಕೇಳಿದರು, "ಹೂಂ ಅಂದಿದ್ದೆ ನೀನು. ನೆನಪಿದೆಯಾ?"

"ಇದೆ ಅತ್ತೆ."

ಆ ಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದೆ, ಹಾಗೇ ವಾಪಸ್ ತಂದೆ.

ಚರ್ಚು ಬೇಡವೇ ಬೇಡ, ಪುರಸಭೆಯ ಸ್ಮಶಾನಕ್ಕೆ ಒಯ್ಯೋಣ ಅಂದೆ. ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅತ್ತ. "ಅಪ್ಪನ ಪಕ್ಕ ಜಾಗ ಇದೆ ಕಣೆ. ಅಜ್ಜಿಯೂ ಅಲ್ಲೇ ಇದ್ದಾಳೆ. ಅಮ್ಮನನ್ನ ಒಬ್ಬಳನ್ನೇ ಬೇರೆ ಕಡೆ ಹಾಕೋದಾ?" ಅತ್ತೆ ಕೇಳಿದ್ದೂ ಅದನ್ನೇ ತಾನೆ. ಅವರಿಗೆ ಎರಡೂ ಬೇಕಿತ್ತು. ಎರಡನ್ನೂ ಕೊಡಿಸಬೇಕಾದವಳು ನಾನು.

ಫಾದರ್ ಮನೆಗೆ ಹೋದೆ. ಅವರು ಮೊದಲ ಸಲ ಗಟ್ಟಿಯಾಗಿ ಒಂದು ಮಾತು ಹೇಳಿದರು. "ಕರ್ಚೀಫು ಬೇಡ ಅಂತ ನಾನೇ ಹೇಳ್ತೀನಿ ಅಮ್ಮ. ಅವರ ಕಡೇ ಆಸೆ. ಯಾರೂ ಮೀರಲ್ಲ."

ಹೇಳಿದರು ಕೂಡ. ಪೆಟ್ಟಿಗೆ ಇನ್ನೂ ಹೊರಗಿರುವಾಗಲೇ, ಸ್ಪಷ್ಟವಾಗಿ, ಎರಡು ಸಲ. ಜನ ತಲೆಯಾಡಿಸಿ ಕರ್ಚೀಫು ಜೇಬಿಗೆ, ಚೀಲಕ್ಕೆ ಸೇರಿಸಿದರು. ಬೇಕರಿ ಅಕ್ಕ ಕೂಡ. ನಾನು ಬಾಗಿಲ ಪಕ್ಕ ನಿಂತು ಒಂದೊಂದು ಕೈಯನ್ನೂ ನೋಡಿದೆ, ಎಲ್ಲ ಬರಿಗೈ. ನಿಟ್ಟುಸಿರು ಬಿಟ್ಟೆ.

ಪೆಟ್ಟಿಗೆ ದೊಡ್ಡ ಬಾಗಿಲಿನಿಂದ ಒಳಗೆ ಬಂತು. ಮುಂದಿನ ಎಡ ಮೂಲೆಗೆ ನನ್ನ ಗಂಡನ ಹೆಗಲು. ಫಾದರ್ ಪುಸ್ತಕ ತೆರೆದು, "ಪವಿತ್ರ ಜ್ವಾಲೆಯ ಈ ಆಲಯಕ್ಕೆ" ಅಂತ ಶುರುಮಾಡಿದರು.

ಕೈಗಳು ಎದ್ದವು.

ಯಾರೂ ಬೇಕೆಂದು ಎತ್ತಲಿಲ್ಲ. ಹುಟ್ಟಿದಾಗಿನಿಂದ ಎತ್ತಿದ ಕೈ, ಕರ್ಚೀಫು ಇರಲಿ ಬಿಡಲಿ ಅದರ ಪಾಡಿಗೆ ಅದು ಎದ್ದಿತು. ಸಾಲು ಸಾಲಾಗಿ ಬರಿಯ ಅಂಗೈಗಳು ಮೂಗಿನ ಮೇಲೆ. ಹೆಡ್‌ಮಾಸ್ಟರದ್ದು, ವಕೀಲರದ್ದು, ಅಕ್ಕನದ್ದು. ಈಗಷ್ಟೇ ಬೇಡ ಅಂದ ಫಾದರ್ ಕೂಡ ಪುಸ್ತಕ ಎಡಗೈಗೆ ಬದಲಾಯಿಸಿ ಬಲಗೈ ಬಾಯಿಗೆ ಹಿಡಿದಿದ್ದರು. ನನ್ನ ಗಂಡ ಹೆಜ್ಜೆ ತಪ್ಪಿ ನಿಂತ. ಪೆಟ್ಟಿಗೆ ವಾಲಿತು. ಎಲ್ಲಿ ನೋಡಿದರೂ ಬರೀ ಕಣ್ಣು.

ಹೊಟ್ಟೆಯ ಆಳದಿಂದ ಏನೋ ಮೇಲೆ ಬಂತು. ವಾಂತಿಯಾಗುತ್ತದೆ ಅಂದುಕೊಂಡೆ. ಬಾಯಿ ತೆರೆದರೆ ಬಂದದ್ದು ದಿನವೂ ಹೇಳುವ ಮಾತು, ದಿನವೂ ಹೇಳುವ ದನಿಯಲ್ಲಿ.

"ಕೈ ಕೆಳಗೆ."

ಇಳಿದವು. ಒಂದು ಕ್ಷಣವೂ ತಡವಾಗಲಿಲ್ಲ. ಮುಂದಿನ ಸಾಲಿನಿಂದ ಹಿಂದಿನ ಗಿಡ್ಡ ಬಾಗಿಲವರೆಗೆ ಅಷ್ಟೂ ಕೈಗಳು ಇಳಿದು ತೊಡೆಯ ಪಕ್ಕ ನಿಂತವು. ಹೆಡ್‌ಮಾಸ್ಟರಂತೂ ರೂಢಿಯಂತೆ ಬಾಯಿಯನ್ನೂ ತೆರೆದಿದ್ದರು.

ತಾವು ಮಾಡಿದ್ದು ಏನೆಂದು ಆಗ ಅವರಿಗೆ ಹೊಳೆದಿರಬೇಕು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವಾಸನೆ ಅಂತ ಏನೂ ಇರಲಿಲ್ಲ, ಹೂವಿನದು ಮತ್ತು ಹೊಸ ಮರದ್ದು ಬಿಟ್ಟರೆ. ನಾನು ನನ್ನ ಗಂಡನಿಗೆ ನಡಿ ಅಂದೆ. ಅವನು ಹೆಗಲು ಸರಿಮಾಡಿಕೊಂಡ. ಅತ್ತೆ ದೊಡ್ಡ ಬಾಗಿಲಿನಿಂದ ನಿಧಾನವಾಗಿ ಮುಂದೆ ಹೋದರು, ಮೂಗು, ಬಾಯಿ, ಗದ್ದ ಎಲ್ಲ ಕಾಣುವ ಮುಖಗಳ ನಡುವೆ.